ನೀಲಿ ಸೈಕಲ್ಲು, ಚಾದಾಗ ಅದ್ದಿದ ಹೋರಿ

ಮೊನ್ನೆ ನಮ್ಮವ್ವ ನನ್ನ ಹೋರಿ ಒಗದ್ ಹಾಕಿಬಿಟ್ಲು.

ಹೋರಿ ಅಂದ್ರ ಖರೇ ಹೋರಿ ಅಲ್ರಿ, ಖಾದಿ ಬಟ್ಟಿ ಮ್ಯಾಲ ನೀಲಿ ಬಣ್ಣದಾಗ ಪ್ರಿಂಟ್ ಮಾಡಿದ್ದ ಹಾವೇರಿ ಕಡೆ ಕೊಬ್ಬರಿ ಹೋರಿ, ನಾಲ್ಕೂ ಕಾಲು ನೆಲ ಬಿಟ್ಟು ಹಾರಿದ್ದು. ಎರಡು ಐತವಾರ ಹಾಳ ಮಾಡ್ಕೊಂಡು ಮಾಡಿದ್ದೆ. ಮಾಳಿಗಿ ಮ್ಯಾಲ ಹಗ್ಗಕ್ಕ ಹಾಕಿ ಕೆಲಸಕ್ಕ ಹೋಗಿದ್ದೆ, ಅಕಿ ಅದನ್ನ ಹಳೇ ಚಾದರ ಅಂತ ತಿಳದು ಬಕೆಟ್‌ನ್ಯಾಗ ಸೋಪಿನ ಪುಡಿ ಹಾಕಿ ನೆನಸಿ ಕುಕ್ಕಿ ಕುಕ್ಕಿ ಒಗದಾಳ. ನಾ ಬಂದ್ ನೋಡೂದ್ರಾಗ ನೀಲಿ ಪೂರಾ ಹೋಗಿ, ಅರಿಷಿಣ ನೀರು ಚೆಲ್ಲಿದಂಗ ಹಳದಿ ಕಲೆ ಅಷ್ಟ ಉಳದಿತ್ತು. "ಭಾಳ ಕಚ್ಚಾ ಬಣ್ಣ ಬಿಡಪಾ, ಎಲ್ಲಿ ತಂದಿದ್ದಿ ಇದನ್ನ, ರೊಕ್ಕ ವಾಪಸ್ ಇಸ್ಕೊ" ಅಂದ್ಲು.

ಆ ಹೋರಿ ಮುಂದ ಏನಾತು ಅನ್ನೂದು ಆಮ್ಯಾಲ ಹೇಳ್ತೀನಿ, ಅದಕ್ಕಿಂತ ಮೊದಲು ನಾ ಯಾಕ ಈ ಉಸಾಬರಿಗೆ ಬಿದ್ದೆ ಅನ್ನೂದು ಹೇಳಬೇಕು.

ನಾ ಮದುವಿ ಫೋಟೋಗ್ರಾಫರ್. ಹುಬ್ಬಳ್ಳಿ ಧಾರವಾಡ ಗದಗ ಕಡೆ ಯಾವ ಕಲ್ಯಾಣಮಂಟಪದಾಗ ಪ್ಲಗ್ ಪಾಯಿಂಟ್ ಎಲ್ಲಿ ಐತಿ ಅಂತ ಕಣ್ಣ ಮುಚ್ಚಿ ಹೇಳ್ತೀನಿ. ಆಷಾಢದಾಗ ಕೆಲಸ ಇರಂಗಿಲ್ಲ, ಕೈ ತಿಂತಾವು. ಅಕ್ಕನ ಮಗ ಒಬ್ಬ ಅದಾನ, ಹತ್ತನೇತ್ತ, ಓದೂದು ಬಿಟ್ಟು ಎಲ್ಲಾ ಮಾಡ್ತಾನ. ಅವಗ ಸೈಕಲ್ ಹುಚ್ಚು. ನವನಗರ ದಾಟಿದ ಮ್ಯಾಲ ಇನ್ನೂ ಒಂದೂ ಮನಿ ಏಳದ ಲೇಔಟ್ ಒಂದೈತಿ, ಯಾರೋ ಪಾಯಾ ತೆಗದು ಕೆಂಪು ಮಣ್ಣು ಗುಡ್ಡಿ ಹಾಕಿ ಹೋಗ್ಯಾರ, ಮನಿ ಕಟ್ಟೂದು ಮರತಾರೋ ಸಾಲ ಸಿಕ್ಕಿಲ್ಲೋ ಗೊತ್ತಿಲ್ಲ, ಆ ಗುಡ್ಡಿನ್ನ ಈ ಹುಡುಗೂರು ಬಡದು ಬಡದು ಗಟ್ಟಿ ಮಾಡಿ ರ‍್ಯಾಂಪ್ ಮಾಡ್ಕೊಂಡಾರ. ಸಂಜಿ ಆತಂದ್ರ ಐದಾರು ಸೈಕಲ್ಲು. ಮಡ್‌ಗಾರ್ಡ್ ಬಿಚ್ಚಿ ಒಗದಿದ್ದು, ಸ್ಟ್ಯಾಂಡ್ ಬಿಚ್ಚಿ ಒಗದಿದ್ದು, ಕೆಲವಕ್ಕ ಬ್ರೇಕೂ ಇಲ್ಲ. ಹೆಲ್ಮೆಟ್ ಇದ್ದವಗಷ್ಟ ಫೋಟೋ ತೆಗೀತೀನಿ ಅಂತ ನಾ ರೂಲ್ ಮಾಡಿದ್ದಕ್ಕ ಎರಡು ಹೆಲ್ಮೆಟ್ ಐದು ತಲಿಗೆ ಪಾಳಿ ಮ್ಯಾಲ ತಿರಗ್ತಾವು.

ಮೊದಲ ದಿನ ನನ್ನ ಮದುವಿ ಕ್ಯಾಮೆರಾ ತಗೊಂಡ್ ಹೋದೆ. ಸೆಕೆಂಡಿಗೆ 20 ಫ್ರೇಮ್, 1/2000 ಸೆಕೆಂಡಿನ ಶಟರ್, ಫೋಕಸ್ ಅದು ತಾನ ಹಿಡೀತೈತಿ. ಒಂದು ತಾಸಿನಾಗ 640 ಫೋಟೋ. ಎಲ್ಲಾ ಶಾರ್ಪ್. ಗಾಳ್ಯಾಗಿನ ಮಣ್ಣಿನ ಕಣ ಎಣಿಸಬಹುದು. ಗ್ರೂಪಿಗೆ ಹಾಕಿದ್ರು, ಬೆಂಕಿ ಇಮೋಜಿ ಬಂದ್ವು, ಎರಡು ದಿನಕ್ಕ ಆ ಫೋಟೋ ಇದ್ದದ್ದು ಹುಡುಗೂರಿಗೂ ನೆನಪಿಲ್ಲ ನನಗೂ ನೆನಪಿಲ್ಲ. ಕೆಟ್ಟ ಅನಿಸ್ತು ಅಂತ ಹೇಳಂಗಿಲ್ಲ, ನಮ್ಮ ಮದುವಿ ಫೋಟೋಕ್ಕೂ ಅದ ಗತಿ, ಆದ್ರ ಅಷ್ಟೆತ್ತರ ಹಾರಿದ ಹುಡುಗನ್ನ ಇಷ್ಟು ಹಗೂರಾಗಿ ಹಿಡದೆನಲ್ಲಾ ಅಂತ ಒಂದು ಚುಳುಕು ಉಳೀತು.

ಅದ ಟೈಮಿನ್ಯಾಗ ಲಕ್ಕುಂಡಿ ಗುಡಿದು ಹಳೇ ಫೋಟೋ ಹುಡುಕ್ತಿದ್ದೆ, ಪ್ರಿವೆಡ್ಡಿಂಗ್ ಪಾರ್ಟಿಗೆ ತೋರಸಾಕ. 1866ರಾಗ ಲಂಡನ್ನಿನಾಗ ಧಾರವಾಡ ಮತ್ತ ಮೈಸೂರು ಭಾಗದ ವಾಸ್ತುಶಿಲ್ಪದ ಮ್ಯಾಲ ಒಂದು ದೊಡ್ಡ ಫೋಟೋ ಪುಸ್ತಕ ಬಂದಿತ್ತು, ಪಿಗೋ ಅನ್ನೋ ಡಾಕ್ಟ್ರು, ನೀಲ್, ಕರ್ನಲ್ ಬಿಗ್ಸ್ ಅನ್ನೋ ಮಿಲಿಟರಿ ಮಂದಿ ತೆಗೆದ ಫೋಟೋಗಳು, ಜತಿಗೆ ಮೆಡೋಸ್ ಟೇಲರ್ ಮತ್ತ ಫರ್ಗ್ಯುಸನ್ ಬರದ ಲೇಖನ. ಅದರ ಸ್ಕ್ಯಾನ್ ನೋಡಕೋತ ಕುಂತ್ರ ಎದಿ ತುಂಬಿ ಬರ್ತೈತಿ, ನಮ್ಮ ಕಡೆ ಕಲ್ಲು, ನಮ್ಮ ಕಡೆ ಬಿಸಿಲು. ಆದ್ರ ಅದರಾಗ ಇರೋದೆಲ್ಲಾ ನಿಂತಿದ್ದ. ಕಂಬ, ಬಾಗಿಲು, ಶಿಖರ. ಆಗಿನ ನೆಗೆಟಿವ್‌ಗೆ ಸೆಕೆಂಡುಗಟ್ಟಲೆ ನಿಮಿಷಗಟ್ಟಲೆ ಬೆಳಕು ಬೇಕು, ನಡದು ಹೋಗೋ ಮನಷ್ಯಾ ಅದಕ್ಕ ಕಾಣಂಗಿಲ್ಲ, ಹಾದು ಹೋದ ದನ ಕಾಣಂಗಿಲ್ಲ, ಓಡಿದ ಹುಡುಗ ಅಂತೂ ಹುಟ್ಟೇ ಇಲ್ಲ ಅನ್ನಂಗ. ನಮ್ಮ ಊರು ಮೊದಲನೇ ಸಲ ಫೋಟೋದಾಗ ಬಂದಾಗ ಓಡಾಡೋರೆಲ್ಲಾ ಅಳಿಸಿ ಹೋಗಿ ಕಲ್ಲಷ್ಟ ಉಳದೈತಿ. ಆ ಹಳೇ ಪದ್ಧತಿಯಿಂದನ ನಮ್ಮ ಈ ಹಾರೋ ಹುಡುಗನ್ನ ಹಿಡದ್ರ ಹೆಂಗ ಅಂತ ತಲ್ಯಾಗ ಹುಳ ಹೊಕ್ಕಿದ್ದ ಅವತ್ತು.

ಮೊದಲು ಸಸ್ತಾದ್ದು ಹಿಡಕೊಂಡೆ. ಸಯನೋಟೈಪ್, ಅಂದ್ರ ಬಿಸಿಲಿಗೆ ಹಿಡದು ನೀಲಿ ಬಣ್ಣದಾಗ ಫೋಟೋ ಪ್ರಿಂಟ್ ಮಾಡೋ ಪದ್ಧತಿ. 1842ರಾಗ ಜಾನ್ ಹರ್ಷೆಲ್ ಕಂಡುಹಿಡದಿದ್ದು, ಅವ ಖಗೋಳದ ಮನಷ್ಯಾ. ನಮ್ಮ ಕಾಕಾ ಸರ್ಕಾರಿ ಡ್ರಾಫ್ಟ್ಸ್‌ಮನ್ ಇದ್ರು, ಅವರಿಗೆ ಹೇಳಿದ್ರ "ಅಯ್ಯ, ಬ್ಲೂಪ್ರಿಂಟ್ ಅನ್ನಲೇ ಅದಕ್ಕ" ಅಂದ್ರು. ಖರೇನ, ಬ್ಲೂಪ್ರಿಂಟ್ ಅನ್ನೋ ಮಾತು ಹುಟ್ಟಿದ್ದ ಅಲ್ಲಿಂದ. ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ 100 ಎಂಎಲ್ ನೀರಾಗ, ಪೊಟ್ಯಾಸಿಯಂ ಫೆರಿಸೈನೈಡ್ 10 ಗ್ರಾಂ ಇನ್ನೊಂದು 100 ಎಂಎಲ್ ನೀರಾಗ, ಬೇಕಾದಾಗ ಸಮಸಮ ಕಲಸೂದು, ಕತ್ತಲ ಕೋಣ್ಯಾಗ ಕಾಗದಕ್ಕ ಹಚ್ಚೂದು, ಒಣಗಿದ ಮ್ಯಾಲ ನೆಗೆಟಿವ್ ಇಟ್ಟು ಬಿಸಿಲಿಗೆ ಹಿಡಿಯೂದು, ನೀರಾಗ ತೊಳಿಯೂದು. ಮುಗೀತು. ಫೆರಿಸೈನೈಡ್ ಅನ್ನೋ ಹೆಸರು ಕೇಳಿ ಕಾಲೇಜ್ ಲ್ಯಾಬ್‌ಗೆ ಸಾಮಾನು ಕೊಡೋ ಅಂಗಡಿಯಂವ ನನ್ನ ಮುಖ ನೋಡಿ "ಮನ್ಯಾಗ ಎಲ್ಲಾ ಆರಾಮ್ ಅದಾರೇನ್ರಿ" ಅಂತ ಕೇಳಿದ. ಅದು ಆ ಸೈನೈಡ್ ಅಲ್ಲ, ಆದ್ರ ಬಿಸಿ ಮಾಡೂದು, ಜೋರ್ ಆಸಿಡ್ ಹಾಕೂದು ಮಾಡಬಾರ್ದು, ಅಡಗಿ ಮನಿ ಪಾತ್ರಿ ಅಂತೂ ಮುಟ್ಟಬಾರ್ದು.

ನೆಗೆಟಿವ್ ಅಂದ್ರ ನನ್ನ ಆ 640 ಫೋಟೋದಾಗ ಒಂದು. ಕಂಪ್ಯೂಟರಿನ್ಯಾಗ ಉಲ್ಟಾ ಮಾಡಿ ಝೆರಾಕ್ಸ್ ಅಂಗಡ್ಯಾಗ ಓಎಚ್‌ಪಿ ಶೀಟ್, ಅಂದ್ರ ಆರಪಾರ ಕಾಣೋ ಪ್ಲಾಸ್ಟಿಕ್ ಹಾಳಿ ಮ್ಯಾಲ ಪ್ರಿಂಟ್ ತಗಸಿದೆ. ಲೇಸರ್ ಪ್ರಿಂಟರಿನ ಕಪ್ಪು ಕಣ್ಣಿಗೆ ಕಪ್ಪು, ಬಿಸಿಲಿಗೆ ಜರಡಿ, ಎಲ್ಲಾ ಕಡೆ ಬೆಳಕು ಸೋರಿ ಫೋಟೋ ಪೂರಾ ನೀಲಿ ಗೋಡಿ ಆತು. ಆಮ್ಯಾಲ ಎರಡು ಶೀಟ್ ಒಂದರ ಮ್ಯಾಲೊಂದು ಕೂಡಿಸಿ ಅಂಟಿಸಿದೆ, ಆಗ ಬಂತು. ಪ್ರಿಂಟಿಂಗ್ ಫ್ರೇಮ್ ಅಂತ ಬ್ಯಾರೆ ಏನಿಲ್ಲ, ಒಡದ ದೇವರ ಫೋಟೋದ ಕಟ್ಟು, ಗಾಜು, ನಾಲ್ಕು ಕ್ಲಿಪ್ಪು. ಏಪ್ರಿಲ್ ಬಿಸಿಲಾಗ ಎಂಟು ನಿಮಿಷಕ್ಕ ಆಗ್ತೈತಿ, ಧಾರವಾಡದ ಜಿಟಿಜಿಟಿ ಮಳಿಗಾಲದಾಗ ಅದ ಪ್ರಿಂಟಿಗೆ ಮುಕ್ಕಾಲು ತಾಸು ಕುಂತು ಮಾಡ ನೋಡಬೇಕು.

ತೊಳಿಯೂದು ಸುಲಭ ಅಂತ ಎಲ್ಲಾರೂ ಬರದಿರ್ತಾರ, ಹರಿಯೋ ನೀರಾಗ ಹತ್ತು ನಿಮಿಷ ತೊಳೀರಿ ಅಂತ. ಹರಿಯೋ ನೀರು! ಅವರೇನು ನಮ್ಮ ಓಣ್ಯಾಗ ಅದಾರೇನು? ನಳದ ನೀರು ಬರೂದು ವಾರಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕ ಬಂದ್ರ ಅಲಾರಾಂ ಇಟ್ಟು ಎದ್ದು ತುಂಬಬೇಕು. ಅದನ್ನ ಫೋಟೋಕ್ಕ ಸುರೀತೀನಿ ಅಂದ್ರ ಮನ್ಯಾಗ ನನ್ನ ಬಿಡ್ತಾರೇನು. ಹಂಗಾಗಿ ಬೋರ್ ನೀರಾಗ ತೊಳದೆ. ಮೊದಲ ಪ್ರಿಂಟು ನೀರಾಗ ಬಿದ್ದ ಕೂಡ್ಲೆ ಕಣ್ಣಿಗೆ ಹಬ್ಬ ಆದಂಗ ನೀಲಿ ಆತು, ಹಿಗ್ಗಿ ಅಕ್ಕನ ಮಗನ್ನ ಕರದೆ, ಅವ ಬರೂದ್ರಾಗ ನೀಲಿ ತಿಳಿ ಆಗಾಕ್ಹತ್ತಿತ್ತು, ಅರ್ಧ ತಾಸಿಗೆ ಆಕಾಶದಾಗಿನ ಸೈಕಲ್ಲಿಗೆ ಗಾಲಿನ ಇಲ್ಲ. ಮೂರು ಪ್ರಿಂಟ್ ಹಿಂಗ ಹೋದ್ವು. ಕೆಮಿಕಲ್ ಖೊಟ್ಟಿ ಬಂದೈತಿ ಅಂತ ಅಂಗಡಿಯಂವನ್ನ ಮನಸಿನ್ಯಾಗ ಬೈದೆ, ಪಾಪ ಅವಂದೇನೂ ತಪ್ಪಿಲ್ಲ. ಆ ನೀಲಿ ಅಂದ್ರ ಪ್ರಷ್ಯನ್ ಬ್ಲೂ, ಅದಕ್ಕ ಕ್ಷಾರ ಆಗಂಗಿಲ್ಲ. ನಮ್ಮ ಬೋರ್ ನೀರು ಅಂದ್ರ ಸುಣ್ಣದ ತಿಳಿ ಇದ್ದಂಗ, ಚಾ ಪಾತೇಲಿ ತಳಕ್ಕ ಬೆಳ್ಳಗ ಪದರ ಕಟ್ತೈತೆಲ್ಲ, ಅದ. ಒಂದು ಬಕೆಟಿಗೆ ಅರ್ಧ ಲಿಂಬಿಹಣ್ಣು ಹಿಂಡಿದೆ ನೋಡ್ರಿ, ನೀಲಿ ಗಟ್ಟ್ಯಾಗಿ ಕುಂತ್ಬಿಡ್ತು. ಜೂನ್ ಬಂದ್ ಮ್ಯಾಲ ಮಾಳಿಗಿ ನೀರು ಪೈಪಿಗೆ ಬ್ಯಾರೆಲ್ ಹಚ್ಚಿಟ್ಟೆ, ಮಳಿ ನೀರಿನಷ್ಟು ಛಲೋ ಯಾವ್ದೂ ಇಲ್ಲ.

ಮೊದಲನೇ ಸರಿಯಾದ ಪ್ರಿಂಟು ಈಗ ನನ್ನ ಟೇಬಲ್ ಮ್ಯಾಲೈತಿ. ಹುಡುಗ ಗಾಳ್ಯಾಗ, ಮೊಣಕಾಲು ಎದಿಗೆ ಹತ್ಯಾವು, ಹಿಂದಿನ ಗಾಲಿಯಿಂದ ಮಣ್ಣು ಚಿಮ್ಯೈತಿ, ಆ ಮಣ್ಣು ನೀಲಿ ಆಗಿ ನೋಡಿದ್ರ ಕೆರಿ ನೀರು ಚಿಮ್ಮಿದಂಗ ಕಾಣ್ತೈತಿ. ಬ್ರಷ್‌ನಿಂದ ಹಚ್ಚಿದ್ದಕ್ಕ ಅಂಚು ವಾರಿವಾರಿ. 1/2000 ಸೆಕೆಂಡಿನ್ಯಾಗ ಹಿಡದದ್ದನ್ನ 480 ಸೆಕೆಂಡ್ ಬಿಸಿಲಿಗೆ ಹಿಡದೇನಿ, ಲೆಕ್ಕ ಹಾಕಿದ್ರ ಹತ್ತಿರಹತ್ತಿರ ಹತ್ತು ಲಕ್ಷ ಪಟ್ಟು ಹೊತ್ತು. ಆ ಎಂಟು ನಿಮಿಷ ಕುಂತು ನೋಡಾಕ ಬ್ಯಾರೆ ಏನೂ ಇರಂಗಿಲ್ಲ, ಆ ಹುಡುಗನ್ನ ನೋಡಬೇಕು. ಅವ ಹಾರೂವಾಗ ನಾಲಗಿ ಕಚ್ಚಿ ಹಿಡದಿರ್ತಾನ ಅಂತ ನನಗ ಗೊತ್ತಾಗಿದ್ದ ಆಗ, 640 ಫೋಟೋದಾಗ ಕಂಡಿರಲಿಲ್ಲ.

ಹೋರಿ ಬಂದದ್ದು ಇದರ ಬೆನ್ನಿಗೆ. ದೀಪಾವಳಿ ಆದ ಮ್ಯಾಲ ಹಾವೇರಿ ಕಡೆ ಹೋರಿ ಬೆದರಿಸೋ ಸ್ಪರ್ಧೆ ಇರ್ತಾವಲ್ಲ, ಹೋರಿ ಕೊಳ್ಳಾಗ ಒಣಕೊಬ್ಬರಿ ಸರ, ಕೋಡಿಗೆ ರಿಬ್ಬನ್ನು, ಬಲೂನು, ಮೈಮ್ಯಾಲ ಝೂಲ, ಎರಡೂ ಕಡೆ ಮಂದಿ ಗ್ವಾಡಿ ಕಟ್ಟಿದಂಗ ನಿಂತಿರ್ತಾರ, ಹೋರಿ ಬಂದ್ರ ಕೊಬ್ಬರಿ ಹರೀಲಿಕ್ಕೆ ಬೀಳ್ತಾರ. ನಾ ಟ್ರ್ಯಾಕ್ಟರ್ ಟ್ರೇಲರ್ ಮ್ಯಾಲ ನಿಂತು ತಗದದ್ದು, ಕೆಳಗ ಇಳಿಯೋ ಧೈರ್ಯ ನನಗಿಲ್ಲ, ಇರಬಾರ್ದೂ ಕೂಡ, ಪ್ರತಿವರ್ಷ ಯಾರರೆ ಹಾಯಿಸ್ಕೋತಾರ. ಅದನ್ನ ಕಾಗದದ ಮ್ಯಾಲ ಹಾಕಾಕ ಮನಸ್ಸಾಗ್ಲಿಲ್ಲ. ಬೆಂಗೇರಿಗೆ ಹೋಗಿ ಖಾದಿ ತಂದೆ. ದೇಶದ ಬಾವುಟ ಹೊಲಿಯೋ ಊರು ನಮ್ದು, ಬಟ್ಟಿಗೆ ಬ್ಯಾರೆ ಕಡೆ ಯಾಕ ಹೋಗ್ಲಿ? ಬಟ್ಟಿ ಕುದಿಸಿ ಗಂಜಿ ಬಿಡಿಸಿ, ರಾತ್ರಿ ಹಚ್ಚಿ, ಎಂಟು ಓಎಚ್‌ಪಿ ಶೀಟ್ ಜೋಡಿಸಿ, ಕಿಡಕಿ ಗಾಜು ಹೇರಿ ಮಾಡಿದೆ. ಶೀಟಿನ ಜೋಡು ಗೆರೆಗೆರೆ ಕಂಡ್ವು, ಹೋರಿ ಹೊಟ್ಟಿ ಮ್ಯಾಲ ಚೌಕಾಬಾರಾ ಹಾಕಿದಂಗ. ಇರ್ಲಿ ಅಂದೆ. ಅದನ್ನ ನಮ್ಮವ್ವ ಒಗದದ್ದು.

ಈಗ ಜಗಳದ ವಿಷಯಕ್ಕ ಬರ್ತೀನಿ. ನಂದೊಬ್ಬ ಗೆಳೆಯ ಅದಾನ, ಗದಗದಾಗ ಅವರಪ್ಪಂದು ಹಳೇ ಸ್ಟುಡಿಯೋ, ಡಾರ್ಕ್‌ರೂಮಿನ್ಯಾಗ ಹೈಪೋ ಅನ್ನೋ ಫೋಟೋ ಕೆಮಿಕಲ್ಲಿನ ವಾಸನಿ ಕುಡದು ಬೆಳದಂವ. ಅವಗ ನೀಲಿ ಸೈಕಲ್ ತೋರಿಸಿದ್ರ, "ಛಲೋ ಐತಿ, ಆದ್ರ ಇದು ಕಳ್ಳ ಕೆಲಸ. ಹಾರೋದನ್ನ ಹಿಡದದ್ದು ನಿನ್ನ ಎರಡು ಲಕ್ಷದ ಕ್ಯಾಮೆರಾ, ಹರ್ಷೆಲ್‌ದು ಬರೇ ಬಣ್ಣ ಬಳದದ್ದು, ಮೊಬೈಲಿನ್ಯಾಗ ಫಿಲ್ಟರ್ ಹಾಕಿದ್ರೂ ಇಷ್ಟ" ಅಂದ. ನಾ ಒಪ್ಪಲಿಲ್ಲ. ಮೊಬೈಲ್ ಫಿಲ್ಟರಿಗೆ ಲಿಂಬಿಹಣ್ಣು ಹಿಂಡ್ತಾರೇನು? ಆದ್ರೂ ಮನಿಗೆ ಬರೋವಾಗ ಬಸ್ಸಿನ್ಯಾಗ ಅಣ್ಣಿಗೇರಿ ದಾಟೂದ್ರಾಗ ಅನಿಸ್ತು, ಅರ್ಧ ಮಾತು ಅವಂದು ಖರೇ. ಹಳೇದು ನಿಂತದ್ದನ್ನಷ್ಟ ಹಿಡೀತೈತಿ ಅಂತ ನಾ ಹೊಂಟದ್ದು, ಹಾರಿದ್ದನ್ನ ಹಳೇದ್ರಾಗನ ಹಿಡೀಬೇಕಂತ. ಪ್ರಿಂಟ್ ಹಳೇದು ಮಾಡಿ ಬಂದೇನಿ, ಹಿಡಿಯೂದು ಇನ್ನೂ ಬಾಕಿ ಐತಿ.

ಹಂಗಾಗಿ ವೆಟ್ ಪ್ಲೇಟ್. ಇದು 1851ರಾಗ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನೋ ಇಂಗ್ಲಿಷ್ ಶಿಲ್ಪಿ ಹೊರಗ ಹಾಕಿದ್ದು, ಪೇಟೆಂಟ್ ಮಾಡಿಸ್ಲಿಲ್ಲ ಪುಣ್ಯಾತ್ಮ, ಆರು ವರ್ಷಕ್ಕ ಬಡತನದಾಗ ಸತ್ತ. ಗಾಜಿಗೆ ಕೊಲೊಡಿಯನ್ ಅನ್ನೋ ಅಂಟು ದ್ರಾವಣ ಸುರದು, ಸಿಲ್ವರ್ ನೈಟ್ರೇಟ್‌ದಾಗ ಮೂರು ನಿಮಿಷ ಮುಳಗಿಸಿ, ಹಸಿ ಇದ್ದಾಗನ ಫೋಟೋ ತಗದು, ಹಸಿ ಇದ್ದಾಗನ ಡೆವಲಪ್ ಮಾಡಬೇಕು. ಹತ್ತು ಹದಿನೈದು ನಿಮಿಷದಾಗ ಮುಗೀಬೇಕು, ಒಣಗಿದ್ರ ಸತ್ತಂಗ. ಕೊಲೊಡಿಯನ್ ಒಳಗ ಈಥರ್ ಇರ್ತೈತಿ. ಈಥರ್ ಕುದಿಯೋದು 34.6 ಡಿಗ್ರಿಗೆ. ಗದಗದ ಏಪ್ರಿಲ್ ಮಧ್ಯಾಹ್ನ 38, 39 ಇರ್ತೈತಿ, ಅಂದ್ರ ಬಾಟ್ಲಿ ಮುಚ್ಚಳ ತಗದ್ರ ಒಲಿ ಮ್ಯಾಲ ಇಟ್ಟಂಗ, ಅದೂ ಬೆಂಕಿ ಕಡ್ಡಿ ಕಂಡ್ರ ಭಗ್ ಅನ್ನೋ ಸಾಮಾನು. ಅದಕ್ಕ ಡಿಸೆಂಬರ್ ಮುಂಜಾನೆ ಅಂತ ಮುಹೂರ್ತ ಇಟ್ವಿ.

ಇದರ ಸ್ಪೀಡು, ಅಂದ್ರ ಬೆಳಕು ಹಿಡಿಯೋ ಚುರುಕು, ಈಗಿನ ಲೆಕ್ಕದಾಗ ಐಎಸ್ಒ 1 ಸುಮಾರು. ನಿಮ್ಮ ಮೊಬೈಲ್ ಇದಕ್ಕಿಂತ ಎಷ್ಟೋ ಪಟ್ಟು ಮ್ಯಾಲಿಂದನ ಶುರು ಆಗ್ತೈತಿ. ಮದುವಿ ಫ್ಲ್ಯಾಶ್ ಹೊಡದು ನೋಡಿದೆ, ಎಂಟು ಮೀಟರ್ ದೂರದಿಂದ ಅದು ಮಿಂಚುಹುಳ. ಬೆಳಕಿನ ಹೊತ್ತನ್ನ ಸಣ್ಣದು ಮಾಡಿ ಓಟ ನಿಲ್ಲಿಸೋ ಐಡಿಯಾ ಮಾತ್ರ ಹೊಸಾದಲ್ಲ, ಅದ 1851ರಾಗ ಟಾಲ್ಬಟ್ ಅನ್ನೋ ಇಂಗ್ಲಿಷ್ ಫೋಟೋ ಸಂಶೋಧಕ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ದಾಗ ಗರಗರ ತಿರಗೋ ಚಕ್ರಕ್ಕ ಟೈಮ್ಸ್ ಪೇಪರಿನ ತುಂಡು ಅಂಟಿಸಿ, ಕರೆಂಟಿನ ಕಿಡಿ ಒಂದ ಸಲ ಹಾರಿಸಿ ಅಕ್ಷರ ಓದೂವಂಗ ಫೋಟೋ ತಗದಿದ್ದ. 1878ರಾಗ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್ ಕ್ಯಾಲಿಫೋರ್ನಿಯಾದಾಗ ಕುದುರಿ ಓಡೋ ದಾರಿಗೆ ಅಡ್ಡ ದಾರ ಕಟ್ಟಿ 12 ಕ್ಯಾಮೆರಾ ಸಾಲಾಗಿಟ್ಟು, ಇದ ವೆಟ್ ಪ್ಲೇಟಿನ ಮ್ಯಾಲ ನಾಲ್ಕೂ ಕಾಲು ನೆಲ ಬಿಟ್ಟದ್ದು ತೋರಿಸಿದ. ಹಿಂದ ಬಿಳೇ ಪರದೆ, ಕೆಳಗ ಬಿಳೇ ನೆಲ ಮಾಡಿ ಕುದುರಿನ್ನ ಕರೇ ನೆಳ್ಳಾಗಿ ಹಿಡದ. ಅವನ ಬೆನ್ನಿಗೆ ಸ್ಟ್ಯಾನ್‌ಫರ್ಡ್ ಅನ್ನೋ ರೇಲ್ವೆ ಸಾಹುಕಾರ ಇದ್ದ, ನನ್ನ ಬೆನ್ನಿಗೆ ಅಕ್ಕನ ಮಗ.

ಲೆನ್ಸು ಗುಜರ್‍ಯಾಗ ಸಿಕ್ತು, ಯಾವ್ದೋ ಕಾಲೇಜಿನವರು ತೂಕಕ್ಕ ಹಾಕಿದ್ದ ಎಪಿಡೈಸ್ಕೋಪ್‌ದು, ಅಂದ್ರ ಪುಸ್ತಕದಾಗಿನ ಚಿತ್ರ ಪರದೆ ಮ್ಯಾಲ ತೋರಸೋ ಹಳೇ ಯಂತ್ರದ್ದು, ತೆಂಗಿನಕಾಯಿ ಅಷ್ಟು ದಪ್ಪ, 300 ಎಂಎಂ, ಎಫ್ 4 (ಬೆಳಕು ಒಳಗ ಬರೋ ಬಾಯಿ ಅಳತಿ). ಶಟರ್ ಇಲ್ಲ. ಬಿಸಿಲಿನ ಲೆಕ್ಕ ಹಾಕಿದ್ರ ಐಎಸ್ಒ 1ಕ್ಕ ಎಫ್ 4ರಾಗ 1/16 ಸೆಕೆಂಡ್ ಬೇಕು. ಸೈಕಲ್ 20 ಕಿಲೋಮೀಟರ್ ವೇಗದಾಗ ಬಂದ್ರ ಅಷ್ಟ್ರಾಗ 35 ಸೆಂಟಿಮೀಟರ್ ಮುಂದ ಹೋಗಿರ್ತೈತಿ. ಬಾಜೂಕ ನಿಂತು ತಗದ್ರ ಹುಡುಗ ಉಪ್ಪಿಟ್ಟು. ಇಲ್ಲಿಗ ಬಿಟ್ಟ ಬಿಡೋಣು ಅಂತ ಮಾಡಿದ್ದೆ. ಆಮ್ಯಾಲ ಪಿಯುಸಿ ಫಿಸಿಕ್ಸ್ ನೆನಪಾತು. ಹಾರಿದ್ದು ತುದಿಗೆ ಹೋಗಿ ಬೀಳೂಕಿಂತ ಮೊದಲು ನಿಲ್ತೈತಿ. ಮ್ಯಾಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಆ ತುದಿಗೆ ಸರಿಯಾಗಿ ನಡುವಿಟ್ಟು 1/16 ಸೆಕೆಂಡ್ ತಗೊಂಡ್ರ, ಅಷ್ಟ್ರಾಗ ಮ್ಯಾಲ ಕೆಳಗ ಆಗೋ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಅಷ್ಟ. ಅರ್ಧ ಸೆಂಟಿಮೀಟರ್! ಆ ಲೆಕ್ಕ ಮೂರು ಸಲ ಹಾಕಿ ನೋಡಿದೆ, ರಾತ್ರಿ ಹನ್ನೊಂದಕ್ಕ ಗದಗಿಗೆ ಫೋನ್ ಹಚ್ಚಿ ಗೆಳೆಯನ್ನ ಎಬ್ಬಿಸಿದೆ. ಇನ್ನ ಆ 35 ಸೆಂಟಿಮೀಟರು? ಎದುರಾ ಎದುರು ನಿಂತ್ರ ಅದು ನಮ್ಮ ಕಡೇನ ಬರ್ತೈತಿ, ಫೋಟೋದಾಗ ಅಷ್ಟು ಅಳಕಂಗಿಲ್ಲ. ಎಂಟು ಮೀಟರಿಗೆ ಈ ಲೆನ್ಸಿನ ಫೋಕಸ್ ಒಂದು ಮೊಳ ಚಿಲ್ಲರೆ ಇರ್ತೈತಿ, ಸಾಕು.

ಶಟರಿಗೆ ಹಳೇ ಕಾಲದಾಗ ಮಾಡ್ತಿದ್ದಂಗ ಬೀಳೋ ಹಲಗಿ ಮಾಡಿದ್ವಿ. ತೆಳು ಪ್ಲೈವುಡ್ಡು, ನಡುವ 14 ಸೆಂಟಿಮೀಟರ್ ಕಿಂಡಿ, ಎರಡೂ ಬಾಜೂಕ ಕಿಡಕಿ ಪರದೆದು ಚಾನಲ್ಲು, ಮ್ಯಾಲ ದಾರ. ದಾರ ಬಿಟ್ರ ಹಲಗಿ ಬಿದ್ದು, ಕಿಂಡಿ ಲೆನ್ಸಿನ ಮುಂದ ಹಾದು ಹೋಗ್ತೈತಿ. ಹುಡುಗನ್ನ ಕೆಳಗ ಎಳಿಯೋದೂ ಅದ ಭೂಮಿ, ಹಲಗಿನ್ನ ಎಳಿಯೋದೂ ಅದ ಭೂಮಿ.

ಅಲ್ಲೇ ಸಿಕ್ಕಿಬಿದ್ವಿ. ಹಲಗಿ 20 ಸೆಂಟಿಮೀಟರ್ ಬಿದ್ದ ಮ್ಯಾಲ ಕಿಂಡಿ ಲೆನ್ಸಿಗೆ ಬರೂದು, ಅದಕ್ಕ ಸೆಕೆಂಡಿನ ಐದನೇ ಒಂದು ಪಾಲು ಬೇಕು. ನನ್ನ ಕಣ್ಣು ಕಂಡು ಕೈ ದಾರ ಬಿಡಾಕ ಇನ್ನೊಂದು ಅಷ್ಟ ಬೇಕು. ಹುಡುಗ ನೆಲ ಬಿಟ್ಟು ತುದಿಗೆ ಹೋಗೂದ 0.35 ಸೆಕೆಂಡಿನ್ಯಾಗ. ಅಂದ್ರ ಅವ ಹಾರಿದ್ದು ನೋಡಿ ದಾರ ಬಿಟ್ರ ಪ್ಲೇಟಿನ್ಯಾಗ ಬರೂದು ಬಿದ್ದಂವ. ಇನ್ನೂ ಮುಂದಿನ ಗಾಲಿ ರ‍್ಯಾಂಪಿನ ಮ್ಯಾಲ ಇದ್ದಾಗನ ಬಿಡಬೇಕು. ಹಾರೂಕಿಂತ ಮೊದಲು ಹಾರಿದ್ದು ಕಾಣಬೇಕು ಅನ್ನಂಗ. ಮದುವಿ ಮಾಡಿದವರಿಗೆ ಇದು ಹೊಸಾದಲ್ಲ, ಅಕ್ಕಿಕಾಳು ಗಾಳ್ಯಾಗ ಕಂಡ ಮ್ಯಾಲ ಕ್ಲಿಕ್ ಮಾಡಿದ್ರ ನೆಲದ ಮ್ಯಾಲಿನ ಅಕ್ಕಿ ಸಿಗ್ತೈತಿ, ಭಟ್ಟರ ಗಂಟಲು ಏರಿದಾಗನ ಬಟನ್ ಒತ್ತಬೇಕು. ಕ್ಯಾಮೆರಾ 20 ಫ್ರೇಮ್ ಹೊಡಿಯಾಕ್ಹತ್ತಿದ ಮ್ಯಾಲ ನಾ ಅದನ್ನ ಮರತಿದ್ದೆ.

ಡಿಸೆಂಬರ್‌ದಾಗ ಒಂದು ಐತವಾರ, ಬೆಳಿಗ್ಗೆ ಒಂಬತ್ತೂವರಿ. ಬಾಡಗಿ ಶಾಮಿಯಾನದ ಕರೇ ಬಟ್ಟಿ ಎರಡು ಪದರ ಹಾಕಿ ಗುಡಾರ, ಒಳಗ ಕೆಂಪು ಲೈಟು. ಕಣ್ಣಿಗೆ ಗಾಗಲ್, ಕೈಗೆ ಗ್ಲೌಸು, ಸಿಲ್ವರ್ ನೈಟ್ರೇಟ್ ಕಣ್ಣಿಗೆ ಸಿಡದ್ರ ಕಣ್ಣ ಹೋಗ್ತಾವು. ಹಳಬರು ಫಿಕ್ಸ್ ಮಾಡಾಕ, ಅಂದ್ರ ಫೋಟೋ ಮತ್ತ ಬೆಳಕಿಗೆ ಕೆಡದಂಗ ಮಾಡಾಕ, ಪೊಟ್ಯಾಸಿಯಂ ಸೈನೈಡ್ ವಾಪರಸ್ತಿದ್ರು, ನಾವು ಹೈಪೋ. ಮೊದಲ ಪ್ಲೇಟಿಗೆ ಒಂದು ನೊಣ ಬಂದು ಕುಂತು ಅಲ್ಲೇ ಸತ್ತು ಶಾಶ್ವತ ಆತು. ಎರಡನೇದು ಗಾಜು ಸರಿಯಾಗಿ ತೊಳದಿರ್ಲಿಲ್ಲ, ಪದರಕ್ಕ ಪದರ ಎದ್ದು ನೀರಾಗ ತೇಲಿ ಹೋತು. ಮೂರನೇದ್ರಾಗ ಬರೇ ರ‍್ಯಾಂಪು, ಹುಡುಗ ಇನ್ನೂ ಬಂದಿಲ್ಲ. ನಾಲ್ಕನೇದ್ರಾಗ ಹೋಗ್ಯಾನ. ಐದಕ್ಕ ಹಲಗಿ ಚಾನಲ್ಲಿನ್ಯಾಗ ಸಿಕ್ಕಿ ಅರ್ಧಕ್ಕ ನಿಂತು ಪೂರಾ ಪ್ಲೇಟ್ ಬೆಳಕಿಗೆ ತಿಂದು ಹೋತು. ಹುಡುಗ ಅಷ್ಟ್ರಾಗ ಪ್ರ್ಯಾಕ್ಟೀಸ್ ಸೇರಿ ನಲವತ್ತು ಸಲ ಹಾರಿದ್ದ. "ಮಾಮಾ, ಮಿರ್ಚಿ ಗಿರ್ಮಿಟ್ ಕೊಡಿಸಿದ್ರ ಇನ್ನೊಂದು, ಇಲ್ಲಾಂದ್ರ ಮನಿಗೆ" ಅಂದ. ಕೊಡಿಸಿದೆ.

ಏಳನೇದು. ನಾ ಅವನ ಕಡೆ ನೋಡ್ಲೇ ಇಲ್ಲ, ಗಾಲಿ ರ‍್ಯಾಂಪಿನ ಮಣ್ಣಿಗೆ ಹತ್ತಿದಾಗ ಒಂದು ಸಪ್ಪಳ ಬರ್ತೈತಿ, ಟರ್ ಅಂತ, ಆ ಸಪ್ಪಳಕ್ಕ ದಾರ ಬಿಟ್ಟೆ. ಗುಡಾರದಾಗ ಡೆವಲಪರ್ ಸುರದೆ, ಹದಿನೈದು ಸೆಕೆಂಡ್, ನೀರು. ಹೊರಗ ತಂದು ಹೈಪೋದಾಗ ಇಟ್ಟಾಗ ಹಾಲಿನಂಥ ಪದರ ಕರಗಿ ಒಳಗಿಂದ ಮೊದಲು ಹೆಲ್ಮೆಟ್ ಬಂತು, ಆಮ್ಯಾಲ ಹ್ಯಾಂಡಲ್ಲು, ಆಮ್ಯಾಲ ಮುಖ. ಹಲ್ಲು ಕಾಣ್ತಾವು. ನಾಲಗಿ ಕಚ್ಚ್ಯಾನ. ಮೊಣಕೈ ಅಷ್ಟು ಅಳಕೈತಿ, ಹಿಂದಿನ ಮಣ್ಣು ಹೊಗಿ ಆಗೈತಿ, ಕೆಂಪು ಮಣ್ಣಿನ ಗುಡ್ಡಿ ಇದ್ದಿಲಿನ ರಾಶಿಯಂಗ ಕರ್ರಗ, ನೀಲಿ ಆಕಾಶ ಬೆಳ್ಳಗ, ಯಾಕಂದ್ರ ಕೊಲೊಡಿಯನ್‌ಗೆ ಕೆಂಪು ಹಳದಿ ಕಾಣಂಗಿಲ್ಲ, ನೀಲಿ ಅಷ್ಟ ಕಾಣ್ತೈತಿ. ಅವನ ಕೆಂಪು ಟೀಶರ್ಟೂ ಕರ್ರಗ. ಗೆಳೆಯ ಗದಗದಿಂದ ಬಂದಿದ್ದ, ಏನೂ ಮಾತಾಡ್ಲಿಲ್ಲ, ಪ್ಲೇಟಿನ ಹಿಂದ ತನ್ನ ಕರೇ ಬ್ಯಾಗ್ ಹಿಡದ, ಆಗ ಅದು ಪಾಸಿಟಿವ್ ಆಗಿ ಎದ್ದು ಕಾಣ್ತು.

ಹುಡುಗ ನೋಡಿ, "ಇದೇನ್ ಮಾಮಾ, ಅಜ್ಜನ ಫೋಟೋ ಇದ್ದಂಗೈತಿ" ಅಂದ. ಆಮ್ಯಾಲ ಎದಿ ಮ್ಯಾಲಿನ ನಂಬರ್ ನೋಡಿ ಸಿಟ್ಟಿಗೆದ್ದ. ಅವಂದು ಕೊಹ್ಲಿ ನಂಬರು, 18. ಗಾಜಿನ ಮ್ಯಾಲ ನೇರ ಬಿದ್ದದ್ದಕ್ಕ ಕನ್ನಡ್ಯಾಗ ನೋಡಿದಂಗ ತಿರಗಿ 81 ಆಗೈತಿ. "81 ಯಾರ್ದು, ಇದನ್ನ ಸರಿ ಮಾಡು" ಅಂತಾನ. 1851ರಿಂದ ಇದು ಹಿಂಗ ಬರ್ತೈತಿ ಅಂದ್ರ ಕೇಳಂಗಿಲ್ಲ.

ಇನ್ನ ಹೋರಿ. ಸೋಪಿನ ಪುಡಿ ಕ್ಷಾರ, ನೀಲಿ ಮುರದು ಹೋಗಿತ್ತು, ಆದ್ರ ಕಬ್ಬಿಣ ತುಕ್ಕಿನಂಗ ಬಟ್ಟಿ ಒಳಗ ಕುಂತಿರ್ತೈತಿ, ಆ ಹಳದಿ ಕಲೆ ಅದ. ನಮ್ಮ ಹಿರ್‍ಯಾರು ಅಳಲೆಕಾಯಿಗೆ ಕಬ್ಬಿಣ ಕೂಡಿಸಿ ಮಸಿ ಮಾಡ್ತಿದ್ರು, ಒಗರಿಗೆ ಕಬ್ಬಿಣ ಸೇರಿದ್ರ ಕರ್ರಗ ಆಗ್ತೈತಿ. ಮನ್ಯಾಗ ಅಳಲೆಕಾಯಿ ಇರ್ಲಿಲ್ಲ, ಚಾಪುಡಿ ಇತ್ತು. ಅದ ಬಕೆಟಿನ್ಯಾಗ ಹಾಲು ಸಕ್ರಿ ಇಲ್ಲದ ಕಡಕ್ ಚಾ ಮಾಡಿ ಹೋರಿನ್ನ ಮುಳುಗಿಸಿದೆ. ಒಂದು ತಾಸಿಗೆ ಕೊಬ್ಬರಿ ಸರ ಬಂತು, ಕೋಡು ಬಂತು, ಎದ್ದ ಕಾಲು ಬಂದ್ವು, ಎಲ್ಲಾ ಕಂದು ಕಪ್ಪು. ಬಟ್ಟಿನೂ ಕಂದು ಹಿಡದು ಆ ಶೀಟಿನ ಗೆರಿ ಮುಚ್ಚಿ ಹೋದ್ವು. ಖರೇ ಹೇಳ್ಬೇಕಂದ್ರ ನೀಲಿದಕ್ಕಿಂತ ಇದ ಛಲೋ ಐತಿ, ಆದ್ರ ಅವ್ವನ ಮುಂದ ಹೇಳಿಲ್ಲ.

ಉಳದ ಕೊಲೊಡಿಯನ್ ಬಾಟ್ಲಿ ಫ್ರಿಜ್ಜಿನ್ಯಾಗ ಇಡಬ್ಯಾಡ ಅಂದಾರ, ಈಥರ್ ಅಲ್ಲಾ, ಅದಕ್ಕ ತಂಪು ಕಪಾಟಿನ್ಯಾಗ ಐತಿ. ದಿನದಿಂದ ದಿನಕ್ಕ ಕೆಂಪಗ ಆಗಾಕ್ಹತ್ತೈತಿ, ಹಳೇದಾದಷ್ಟು ಇನ್ನೂ ಮೆತ್ತಗ ಬೆಳಕು ತಗೋತೈತಿ. ಹುಡುಗ 81 ಅಂತ ಉಲ್ಟಾ ಬರದು ಹೊಸಾ ಟೀಶರ್ಟ್ ಹೊಲಸ್ಕೊಂಡ್ ಬಂದಾನ, ಈ ಸಲ 18 ಬರಬೇಕಂತ. ಅವ್ವ ಈಗ ನೀಲಿ ಬಟ್ಟಿ ಯಾವ್ದು ಕಂಡ್ರೂ ಬಕೆಟಿಗೆ ಹಾಕೂಕಿಂತ ಮೊದಲು ಮಾಳಿಗಿಯಿಂದ ಕೂಗಿ ಕೇಳ್ತಾಳ, "ಇದು ಪ್ಯಾಂಟೋ ಫೋಟೋನೋ?"